ದತ್ತಸಂಚಯದ ದೋಷ ಮತ್ತು ಭಾಷಿಕನ ಸಾಕ್ಷ್ಯ: ಪುತ್ತೂರು, ಸುಳ್ಯ, ಕಡಬ ಪ್ರದೇಶದ ಪದಸಂಗ್ರಹವನ್ನು ಮುಂದಿಟ್ಟು ಒಂದು ವಿವೇಚನೆ

1. ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಹಲವು ಭಾಷೆಗಳು ಒಟ್ಟಿಗೆ ಬಾಳುವ ನೆಲ. ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳಂ ಇಲ್ಲಿನ ಮನೆಮಾತುಗಳು. ಇವುಗಳ ಬರವಣಿಗೆಗೆ ಬಹುಮಟ್ಟಿಗೆ ಆಧಾರವಾಗಿರುವುದು ಕನ್ನಡ ಲಿಪಿ. ಈ ಜಿಲ್ಲೆಗೆ ಪದಗಳನ್ನು ಕೂಡಿಸಿಡುವ ದೀರ್ಘ ಪರಂಪರೆಯೂ ಇದೆ. ಎ. ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದವು. ಪುತ್ತೂರನ್ನು ದೀರ್ಘಕಾಲ ಕಾರ್ಯಕ್ಷೇತ್ರವಾಗಿಸಿಕೊಂಡಿದ್ದ ಶಿವರಾಮ ಕಾರಂತರು 1941ರಲ್ಲಿ 'ಸಿರಿಗನ್ನಡ ಅರ್ಥಕೋಶ'ವನ್ನು ಹೊರತಂದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಯು. ಪಿ. ಉಪಾಧ್ಯಾಯ ಅವರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳನ್ನು 1988ರಿಂದ 1997ರ ಅವಧಿಯಲ್ಲಿ ಪ್ರಕಟಿಸಿತು.

ಹಿಂದೆ ಇಂತಹ ಕೆಲಸ ಚೀಟಿಗಳ ಮೇಲೆ ನಡೆಯುತ್ತಿತ್ತು. ಇಂದು ಪದಸಂಗ್ರಹ, ಗ್ರಂಥಾಲಯದ ಸೂಚಿ, ಹಸ್ತಪ್ರತಿಗಳ ವಿವರಪಟ್ಟಿ ಎಲ್ಲವೂ ಡೇಟಾಬೇಸ್ ಎಂದು ರೂಢಿಯಲ್ಲಿರುವ ದತ್ತಸಂಚಯಗಳಿಗೆ ಸೇರುತ್ತಿವೆ. ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶಗಳು ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. 2000ನೆಯ ಇಸವಿಯಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಬಳಕೆಗೆ ಬಂದು ಈಗ ಭಾರತದ ಅನೇಕ ಗ್ರಂಥಾಲಯಗಳಲ್ಲಿರುವ 'ಕೋಹಾ' ತಂತ್ರಾಂಶದ ತಳದಲ್ಲಿರುವುದು ಇವುಗಳಲ್ಲಿ ಮೊದಲೆರಡರಲ್ಲಿ ಒಂದು.

ಮುಕ್ತ ತಂತ್ರಾಂಶದ ಆಕರಪಠ್ಯವನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿ ಕಂಡ ದೋಷವನ್ನು ಯಾರು ಬೇಕಾದರೂ ವರದಿ ಮಾಡಬಹುದು. ಈ ಅವಕಾಶವನ್ನು ಗಣಕ ತಜ್ಞರಿಗಷ್ಟೇ ಸಂಬಂಧಿಸಿದ್ದೆಂದು ಭಾಷಾ ಸಂಶೋಧಕರು ಕೈಬಿಡುವುದುಂಟು. ಆದರೆ ಕನ್ನಡ ಲಿಪಿಯ ಪಠ್ಯದಲ್ಲಿ ಉಂಟಾಗುವ ದೋಷವು ಆ ಭಾಷೆಯನ್ನು ಬಲ್ಲವನ ಕಣ್ಣಿಗೆ ಮಾತ್ರ ಬೀಳುತ್ತದೆ. ಆದುದರಿಂದ ದೋಷವರದಿಯು ತಾಂತ್ರಿಕ ದೂರು ಮಾತ್ರವಲ್ಲ, ಭಾಷಿಕನು ನೀಡುವ ಸಾಕ್ಷ್ಯವೂ ಹೌದು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಯಾವುದು ದೋಷ, ಯಾವುದು ಅಲ್ಲ

ದತ್ತಸಂಚಯವು ತಪ್ಪು ಉತ್ತರ ಕೊಟ್ಟಿತೆಂದ ಮಾತ್ರಕ್ಕೆ ತಂತ್ರಾಂಶದಲ್ಲಿ ದೋಷವಿದೆಯೆಂದು ತೀರ್ಮಾನಿಸುವಂತಿಲ್ಲ. ಮೂರು ಸಂದರ್ಭಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ.

ಮೊದಲನೆಯದು ದತ್ತಾಂಶದ ಸಮಸ್ಯೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಐದು ತಾಲ್ಲೂಕುಗಳು; ಅವುಗಳಲ್ಲಿ ಕಡಬ ಇಲ್ಲ. ಆ ಬಳಿಕ ಕಡಬ ಪ್ರತ್ಯೇಕ ತಾಲ್ಲೂಕಾದಾಗ ಪುತ್ತೂರಿನ ಗ್ರಾಮಗಳೊಂದಿಗೆ ಸುಳ್ಯ ತಾಲ್ಲೂಕಿನಲ್ಲಿದ್ದ ಸುಬ್ರಹ್ಮಣ್ಯವೂ ಅದಕ್ಕೆ ಸೇರಿತು. ಹಳೆಯ ಪಟ್ಟಿಯಲ್ಲಿ 'ಸುಳ್ಯ' ಎಂದೂ ಹೊಸ ಪಟ್ಟಿಯಲ್ಲಿ 'ಕಡಬ' ಎಂದೂ ನಮೂದಾಗಿರುವ ಒಂದೇ ಊರನ್ನು ದತ್ತಸಂಚಯವು ಎರಡೆಂದು ಎಣಿಸಿದರೆ ಅದು ತಂತ್ರಾಂಶದ ತಪ್ಪಲ್ಲ. ಗ್ರಾಮದ ಹೆಸರಿನೊಡನೆ ಅವಧಿಯನ್ನೂ ದಾಖಲಿಸದಿದ್ದವರ ಕೊರತೆ ಅದು.

ಎರಡನೆಯದು ಬರವಣಿಗೆಯ ಮಿತಿ. ತುಳುವಿನಲ್ಲಿ 'ನಾನು ಬಂದೆ' ಎಂಬರ್ಥದ ರೂಪಕ್ಕೂ 'ಅವನು ಬಂದನು' ಎಂಬರ್ಥದ ರೂಪಕ್ಕೂ ಕೊನೆಯ ಸ್ವರದಲ್ಲಿ ಸ್ಪಷ್ಟವಾದ ವ್ಯತ್ಯಾಸವಿದೆ. ಮೊದಲನೆಯದು ವಿವೃತ ಎಕಾರ, ಎರಡನೆಯದು ಸಾಮಾನ್ಯ ಎಕಾರ. ವಾಡಿಕೆಯ ಬರವಣಿಗೆಯಲ್ಲಿ ಎರಡೂ 'ಬತ್ತೆ' ಎಂದೇ ಆಗುತ್ತವೆ. ಬರೆಯುವಾಗಲೇ ಅಳಿದುಹೋದ ಭೇದವನ್ನು ಯಾವ ಯಂತ್ರವೂ ಮರಳಿ ತರಲಾರದು.

ಮೂರನೆಯದು ಬರವಣಿಗೆಯಲ್ಲಿ ಭೇದವಿದ್ದೂ ತಂತ್ರಾಂಶವು ಅದನ್ನು ಗುರುತಿಸದಿರುವುದು. ದೋಷವರದಿಯ ವಿಚಾರ ಉದ್ಭವಿಸುವುದು ಇಲ್ಲಿ ಮಾತ್ರ.

3. ಅನುಸ್ವಾರದ ಪ್ರಕರಣ

'ಬಂಡಿ' ಮತ್ತು 'ಬಡಿ', 'ಕಂಡ' ಮತ್ತು 'ಕಡ' ಎಂಬ ಜೋಡಿಗಳನ್ನು ಗಮನಿಸಬಹುದು. 'ಬಂಡಿ' ಗಾಡಿ, 'ಬಡಿ' ಹೊಡೆಯುವ ಕ್ರಿಯೆ. ತುಳುವಿನಲ್ಲಿ 'ಕಂಡ' ಎಂದರೆ ಗದ್ದೆ. ಕನ್ನಡದಲ್ಲಿ 'ಕಡ' ಎಂದರೆ ಸಾಲ. ಜೋಡಿಯ ಪದಗಳ ನಡುವೆ ಇರುವ ವ್ಯತ್ಯಾಸ ಒಂದು ಸೊನ್ನೆ ಮಾತ್ರ. ಆದರೆ ಪದಗಳು ಬೇರೆ ಬೇರೆ. ಇವನ್ನು ಮೈಎಸ್‌ಕ್ಯೂಎಲ್ 8.0ರ ಸ್ವಯಂನಿಯೋಜಿತ ವಿಂಗಡಣೆ ಕ್ರಮದಲ್ಲಿ ಹೋಲಿಸಿದರೆ 'ಬಂಡಿ'ಯೂ 'ಬಡಿ'ಯೂ ಒಂದೇ ಎಂಬ ಉತ್ತರ ಬರುತ್ತದೆ. ಒಂದು ಉಲ್ಲೇಖಪದ ಎರಡು ಬಾರಿ ಬರಕೂಡದೆಂಬ ನಿರ್ಬಂಧವನ್ನು ಕೋಷ್ಟಕಕ್ಕೆ ಹಾಕಿದ್ದರೆ, 'ಬಂಡಿ'ಯನ್ನು ಸೇರಿಸಿದ ಮೇಲೆ 'ಬಡಿ'ಯನ್ನು ಸೇರಿಸಲು ಅದು ಒಪ್ಪುವುದಿಲ್ಲ. ತಪ್ಪುಗಳನ್ನು ಕಡೆಗಣಿಸಿ ಮುಂದುವರಿಯುವಂತೆ ಸೂಚಿಸಿ ಸಾವಿರಾರು ಪದಗಳನ್ನು ಒಮ್ಮೆಗೇ ತುಂಬಿದರಂತೂ ಎರಡನೆಯ ಪದವು ಒಂದು ಎಚ್ಚರಿಕೆಯ ಸಾಲನ್ನು ಮಾತ್ರ ಉಳಿಸಿ ಮರೆಯಾಗುತ್ತದೆ. ನಿಘಂಟಿನಿಂದ ಹೀಗೆ ಬಿದ್ದುಹೋದ ಪದವನ್ನು ಬಳಿಕ ಹುಡುಕುವುದು ಕಷ್ಟ. ಇಲ್ಲದ ಪದವು ತಾನಿಲ್ಲವೆಂದು ಹೇಳಲಾರದು.

ಇದರ ಕಾರಣ ಹೀಗಿದೆ. ಯೂನಿಕೋಡ್ ಒಕ್ಕೂಟವು ಜಗತ್ತಿನ ಲಿಪಿಗಳ ಹೋಲಿಕೆಗಾಗಿ ಒಂದು ಮೂಲ ಕೋಷ್ಟಕವನ್ನು ರೂಪಿಸಿದೆ. ಅದರಲ್ಲಿ ಪ್ರತಿಯೊಂದು ಚಿಹ್ನೆಗೂ ಸ್ತರಗಳಾಗಿ ತೂಕವನ್ನು ನಿಗದಿಮಾಡಲಾಗಿದೆ. ಮೊದಲ ಸ್ತರವು ಮೂಲಾಕ್ಷರದ್ದು, ಎರಡನೆಯದು ಅಕ್ಷರಕ್ಕೆ ಸೇರುವ ಉಚ್ಚಾರಚಿಹ್ನೆಗಳದ್ದು, ಮೂರನೆಯದು ರೋಮನ್ ಲಿಪಿಯ ದೊಡ್ಡ ಮತ್ತು ಚಿಕ್ಕ ಅಕ್ಷರಗಳಂತಹ ಭೇದಗಳದ್ದು. ಅನುಸ್ವಾರಕ್ಕೆ ಮೊದಲ ಸ್ತರದಲ್ಲಿ ತೂಕವಿಲ್ಲ. ಎರಡನೆಯ ಸ್ತರದಲ್ಲಿ ಮಾತ್ರ ಇದೆ. ಮೈಎಸ್‌ಕ್ಯೂಎಲ್‌ನ ಸ್ವಯಂನಿಯೋಜಿತ ಕ್ರಮವು ಮೊದಲ ಸ್ತರವನ್ನಷ್ಟೇ ಓದುತ್ತದೆ. ಫ್ರೆಂಚ್ ಹೆಸರೊಂದನ್ನು ಅದರ ಮೇಲಣ ಗೆರೆಯಿಲ್ಲದೆ ಟಂಕಿಸಿದರೂ ಅದು ಸಿಗಬೇಕೆಂಬ ಸದುದ್ದೇಶದಿಂದ ಮಾಡಿದ ಏರ್ಪಾಡು ಇದು. ಅಲ್ಲಿ ಅನುಕೂಲವಾದದ್ದು ಇಲ್ಲಿ ಅರ್ಥಹಾನಿಗೆ ಎಡೆಮಾಡುತ್ತದೆ.

ಹಾಗಾದರೆ ಇದನ್ನು ದೋಷವೆನ್ನಬೇಕೆ? ತಂತ್ರಾಂಶವು ತನ್ನ ಕೈಪಿಡಿಯಲ್ಲಿ ಹೇಳಿದ್ದನ್ನೇ ಮಾಡುತ್ತಿದೆ. ಎರಡನೆಯ ಸ್ತರವನ್ನೂ ಲೆಕ್ಕಿಸುವ ಬೇರೆ ಕ್ರಮವನ್ನೂ ಒದಗಿಸಿದೆ. ಆ ದೃಷ್ಟಿಯಿಂದ ಇದು ದೋಷವಲ್ಲ, ವಿನ್ಯಾಸ. ಆದರೆ ಕನ್ನಡದ ಬಳಕೆದಾರನು ಕೇಳದೆಯೇ ಪಡೆಯುವ ಏರ್ಪಾಡು ಕನ್ನಡದ ಪದಗಳನ್ನು ನುಂಗುತ್ತದೆಯೆಂಬುದೂ ಸತ್ಯ. ದೋಷಚರ್ಚೆಯ ಬಹುಭಾಗ ಈ ಎರಡು ಸತ್ಯಗಳ ನಡುವಿನ ಎಡೆಯಲ್ಲೇ ನಡೆಯುತ್ತದೆ.

4. ಒಂದನ್ನು ತಿದ್ದಿದರೆ ಇನ್ನೊಂದು

ಅನುಸ್ವಾರದ ತೊಡಕಿಗೆ ಥಟ್ಟನೆ ಹೊಳೆಯುವ ಪರಿಹಾರವೆಂದರೆ ತೂಕಗಳ ಗೊಡವೆಯೇ ಬೇಡವೆಂದು ಅಕ್ಷರಗಳ ಸಂಕೇತಸಂಖ್ಯೆಗಳನ್ನೇ ಹೋಲಿಸುವುದು. ಆಗ 'ಬಂಡಿ' ಮತ್ತು 'ಬಡಿ' ಬೇರೆಯಾಗುತ್ತವೆ. ಆದರೆ ಮೂರು ಹೊಸ ತೊಡಕುಗಳು ತಲೆದೋರುತ್ತವೆ.

ಅಕಾರಾದಿ ಕ್ರಮ ಕೆಡುವುದು ಮೊದಲನೆಯದು. ಯೂನಿಕೋಡ್‌ನಲ್ಲಿ 'ಲ'ಕಾರದ ಸಂಖ್ಯೆ 3250, 'ಳ'ಕಾರದ್ದು 3251, 'ವ'ಕಾರದ್ದು 3253, 'ಹ'ಕಾರದ್ದು 3257. ನಮ್ಮ ವರ್ಣಮಾಲೆಯಲ್ಲಿ 'ಳ' ಬರುವುದು 'ಹ'ಕಾರದ ನಂತರ. ನಿಘಂಟಿನಲ್ಲಿ ಕಲ್ಲು, ಕವಲು, ಕಸ, ಕಹಿ, ಕಳ ಎಂಬ ಕ್ರಮವಿದ್ದರೆ ಸಂಖ್ಯೆಯ ಕ್ರಮದಲ್ಲಿ ಕಲ್ಲು, ಕಳ, ಕವಲು, ಕಸ, ಕಹಿ ಎಂದಾಗುತ್ತದೆ. ಸುಳ್ಯ ತಾಲ್ಲೂಕಿನ ಕಲ್ಮಡ್ಕದ ಬೆನ್ನಿಗೇ ಕಳಂಜ ಬಂದು ನಿಲ್ಲುತ್ತದೆ. ಅಕ್ಷರಕ್ರಮವನ್ನು ನಂಬಿ ಸೂಚಿಯನ್ನು ನೋಡುವ ಓದುಗ 'ಹ'ಕಾರ ಮುಗಿದ ಮೇಲೆ ಹುಡುಕಿ, ಊರಿನ ಹೆಸರೇ ಇಲ್ಲವೆಂದು ಭಾವಿಸಬಹುದು. ಗಮನಿಸಬೇಕಾದ ಸಂಗತಿಯೆಂದರೆ ಯೂನಿಕೋಡ್‌ನ ಮೂಲ ಕೋಷ್ಟಕವು 'ಳ'ಕಾರವನ್ನು 'ಹ'ಕಾರದ ನಂತರವೇ ಇರಿಸಿದೆ. ಅನುಸ್ವಾರದಲ್ಲಿ ನಮಗೆ ಒಗ್ಗದ ಕೋಷ್ಟಕ 'ಳ'ಕಾರದಲ್ಲಿ ನಮ್ಮ ಪರವಾಗಿದೆ.

ಎರಡನೆಯದು ಒಂದೇ ಅಕ್ಷರಕ್ಕೆ ಎರಡು ಬಗೆಯ ಸಂಕೇತಗಳಿರುವುದು. 'ಕೋಟೆ' ಎಂಬಲ್ಲಿನ ಓಕಾರದ ಚಿಹ್ನೆಯನ್ನು 3275 ಎಂಬ ಒಂದೇ ಸಂಖ್ಯೆಯಿಂದ ದಾಖಲಿಸಬಹುದು; 3270, 3266, 3285 ಎಂಬ ಮೂರು ಬಿಡಿಭಾಗಗಳ ಜೋಡಣೆಯಿಂದಲೂ ದಾಖಲಿಸಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ವಿಧಿಸಿದೆ. ತೆರೆಯ ಮೇಲೆ ರೂಪ ಒಂದೇ. ಆದರೆ ಸಂಖ್ಯೆಯಿಂದ ಹೋಲಿಸುವ ದತ್ತಸಂಚಯಕ್ಕೆ ಅವು ಎರಡು ಪದಗಳು. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಇವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯವು 2020ರಲ್ಲಿ ಬಂದ 13ನೆಯ ಆವೃತ್ತಿಯಿಂದ ದೊರೆಯುತ್ತದೆ.

ಮೂರನೆಯದು ಕಣ್ಣಿಗೆ ಕಾಣದ ಚಿಹ್ನೆ. ತುಳುವಿನ ಸಂವೃತ ಉಕಾರವನ್ನು ಅರ್ಧಾಕ್ಷರದಿಂದ ಸೂಚಿಸುವ ರೂಢಿಯಲ್ಲಿ 'ಊರ್‌ಡ್' ಎಂದು ಬರೆಯಲು ಅಕ್ಷರಗಳು ಒತ್ತಾಗದಂತೆ ತಡೆಯುವ ಒಂದು ಅದೃಶ್ಯ ಚಿಹ್ನೆ ಬೇಕು. ಅದೇ ಚಿಹ್ನೆಯು ಕೆಲವರ ಬೆರಳಚ್ಚಿನಲ್ಲಿ ಪದದ ಕೊನೆಯಲ್ಲಿಯೂ ಉಳಿದುಬಿಡುತ್ತದೆ. ಆಗ ನೋಟಕ್ಕೆ ಒಂದೇ ಆದ ಎರಡು 'ಕಣ್ಣ್'ಗಳು ಸಂಗ್ರಹದಲ್ಲಿ ಬೇರೆ ಬೇರೆಯಾಗಿ ಕುಳಿತುಕೊಳ್ಳುತ್ತವೆ.

ಕನ್ನಡಕ್ಕೆಂದೇ ರೂಪಿಸಿದ ವಿಂಗಡಣೆ ನಿಯಮವೊಂದು ಯೂನಿಕೋಡ್ ಒಕ್ಕೂಟದ ಪ್ರಾದೇಶಿಕ ದತ್ತಸಂಗ್ರಹದಲ್ಲಿ ಇದೆ. ಅದು ಅನುಸ್ವಾರ, ವಿಸರ್ಗಗಳಿಗೆ ಔಕಾರದ ನಂತರ ಮೊದಲ ಸ್ತರದಲ್ಲೇ ಸ್ಥಾನ ಕೊಡುತ್ತದೆ. 2017ರಲ್ಲಿ ಬಿಡುಗಡೆಯಾದ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ 10ನೆಯ ಆವೃತ್ತಿಯಿಂದ ಇದನ್ನು ಬಳಸಿಕೊಳ್ಳಬಹುದಾಗಿದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಹಲವು ಭಾಷೆಗಳಿಗೆ ಪ್ರತ್ಯೇಕ ಕ್ರಮಗಳಿದ್ದರೂ ಕನ್ನಡಕ್ಕೆ ಇಲ್ಲ.

5. ಪರಿಹಾರ ಕಂಡ ಒಂದು ನಿದರ್ಶನ, ಹೊಸದಾಗಿ ಹುಟ್ಟಿದ ಒಂದು ದೋಷ

ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ದೀರ್ಘ ಪಠ್ಯವನ್ನು ಪದಗಳಾಗಿ ಒಡೆಯುವ ಒಂದು ಭಾಗವಿದೆ. ಅಕ್ಷರವಲ್ಲದ್ದು ಬಂದಲ್ಲಿ ಪದ ಮುಗಿಯಿತೆಂದು ಭಾವಿಸುವುದು ಅದರ ಸಾಮಾನ್ಯ ರೀತಿ. ನಮ್ಮ ಸ್ವರಚಿಹ್ನೆಗಳು ಯೂನಿಕೋಡ್‌ನ ವರ್ಗೀಕರಣದಲ್ಲಿ 'ಅಕ್ಷರ'ಗಳಲ್ಲ, ಅಕ್ಷರಕ್ಕೆ ಕೂಡುವ 'ಗುರುತು'ಗಳು. ಈ ನಿಯಮವನ್ನು ಹಾಗೆಯೇ ಅನ್ವಯಿಸಿದರೆ 'ಪಾಣಾಜೆ' ಎಂಬ ಊರು ಮೊದಲ ದೀರ್ಘದಲ್ಲೇ ತುಂಡಾಗಬೇಕು. ಆ ತಂತ್ರಾಂಶದ ಆಕರಪಠ್ಯವನ್ನು ತೆರೆದರೆ ಇದಕ್ಕೆ ಎರಡು ಹಂತದ ಏರ್ಪಾಡು ಕಾಣುತ್ತದೆ. ತೆರೆಯ ಮೇಲೆ ಸ್ವತಂತ್ರ ಅಗಲವಿಲ್ಲದ ಚಿಹ್ನೆಗಳು ಪದವನ್ನು ಒಡೆಯವು ಎಂಬುದು ಒಂದು. ಅಗಲವುಳ್ಳ ಚಿಹ್ನೆಗಳಿಗಾಗಿ ಒಂದು ಪ್ರತ್ಯೇಕ ಪಟ್ಟಿ ಇರುವುದು ಇನ್ನೊಂದು. ಇವು ವರ್ಣಗಳಲ್ಲದಿದ್ದರೂ ಪದವನ್ನು ಒಡೆಯತಕ್ಕವಲ್ಲ ಎಂಬ ಅರ್ಥದ ಟಿಪ್ಪಣಿಯ ಕೆಳಗಿರುವ ಆ ಪಟ್ಟಿಯಲ್ಲಿ ದೇವನಾಗರಿ ಮೊದಲಾದವುಗಳ ಸಾಲಿನಲ್ಲಿ ಕನ್ನಡದ ಅನುಸ್ವಾರ, ವಿಸರ್ಗ, ಆಕಾರದ ಚಿಹ್ನೆ ಮುಂತಾದವು ಹೆಸರು ಸಹಿತ ನಮೂದಾಗಿವೆ. ಆ ಪಟ್ಟಿಗೆ ಪಾಶ್ಚಾತ್ಯ ಲಿಪಿಯ ಅನುಭವದಿಂದ ಮಾತ್ರ ಆವಶ್ಯಕತೆ ತೋರದು. ದೀರ್ಘದ ಗುರುತಿನಲ್ಲಿ ಪದ ಮುರಿಯಬಾರದೆಂಬುದು ಭಾರತೀಯ ಲಿಪಿಗಳ ಅರಿವಿನಿಂದ ಬರುವ ವಿಚಾರ.

ಸರಿಯಿದ್ದುದು ಕೆಡುವುದೂ ಉಂಟು. 2018ರ ಆಗಸ್ಟ್‌ನಲ್ಲಿ ಲಿನಕ್ಸ್ ವ್ಯವಸ್ಥೆಯ ಮೂಲ ಗ್ರಂಥಾಲಯದ 2.28ನೆಯ ಆವೃತ್ತಿಯಲ್ಲಿ ವಿಂಗಡಣೆಯ ನಿಯಮಗಳನ್ನು ವ್ಯಾಪಕವಾಗಿ ಪರಿಷ್ಕರಿಸಲಾಯಿತು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಗಳನ್ನು ಹೊಸ ಕ್ರಮದಿಂದ ಹುಡುಕತೊಡಗಿದ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಸಂಚಯಗಳಲ್ಲಿ ಇರುವ ಪದ ಇಲ್ಲವೆಂದು ಬರುವುದು, ಒಂದೇ ಇರಬೇಕಾದ ನಮೂದು ಎರಡಾಗುವುದು ಸಾಧ್ಯವಾಯಿತು. ಸೂಚಿಗಳನ್ನು ಹೊಸದಾಗಿ ಕಟ್ಟುವುದೇ ಇದಕ್ಕೆ ಪರಿಹಾರ. ವಿಂಗಡಣೆಯ ಕ್ರಮದಲ್ಲಿ ಸಣ್ಣ ತಿದ್ದುಪಡಿಯನ್ನು ಕೋರಿದಾಗಲೂ ಅಭಿವರ್ಧಕರು ಹಿಂಜರಿಯುವುದೇಕೆಂಬುದು ಇದರಿಂದ ಮನದಟ್ಟಾಗುತ್ತದೆ. ಹಳೆಯ ಕ್ರಮವನ್ನು ಹಾಗೆಯೇ ಉಳಿಸಿ ಹೊಸದೊಂದನ್ನು ಪಕ್ಕದಲ್ಲಿ ಸೇರಿಸುವುದು ಅವರ ಸಾಮಾನ್ಯ ಮಾರ್ಗ.

6. ತುಳು ಲಿಪಿಯ ಮುಂದಿರುವ ತೊಡಕು

ತುಳು–ತಿಗಳಾರಿ ಲಿಪಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಯೂನಿಕೋಡ್ 16.0 ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ಅದಕ್ಕೆ ದೊರೆತ ಸಂಖ್ಯೆಗಳು 70528ರಿಂದ 70655ರವರೆಗಿನವು. 65535ರ ಆಚೆಗಿನ ಸಂಖ್ಯೆಗಳನ್ನು ಯುಟಿಎಫ್-8 ಪದ್ಧತಿಯಲ್ಲಿ ಬರೆಯಲು ನಾಲ್ಕು ಬೈಟ್‌ಗಳು ಬೇಕು. ಕನ್ನಡಕ್ಕೆ ಮೂರು ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ಬಹುಕಾಲ 'ಯುಟಿಎಫ್8' ಎಂಬ ಹೆಸರಿನಲ್ಲಿದ್ದುದು ಮೂರು ಬೈಟ್‌ಗಳಷ್ಟನ್ನೇ ಒಪ್ಪುವ ಮೊಟಕು ರೂಪ. ನಾಲ್ಕು ಬೈಟ್‌ಗಳ ಪೂರ್ಣ ರೂಪವನ್ನು 2010ರಲ್ಲಿ 5.5ನೆಯ ಸರಣಿಯಲ್ಲಿ ಸೇರಿಸಲಾಯಿತು. ಮೊಟಕು ರೂಪದಲ್ಲಿರುವ ಹಳೆಯ ಕೋಷ್ಟಕಕ್ಕೆ ತುಳು ಲಿಪಿಯ ಪದವನ್ನು ಸೇರಿಸಹೊರಟರೆ ಕಟ್ಟುನಿಟ್ಟಿನ ವಿಧಾನದಲ್ಲಿ ಅದು ನಿರಾಕರಿಸುತ್ತದೆ; ಸಡಿಲ ವಿಧಾನದಲ್ಲಿ ಆ ಅಕ್ಷರದಿಂದ ಮುಂದಿನದೆಲ್ಲವನ್ನೂ ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತದೆ.

ಪೂರ್ಣ ರೂಪಕ್ಕೆ ಬದಲಾಯಿಸಿದರೂ ಅಪಾಯ ತಪ್ಪಿತೆಂದು ತಿಳಿಯುವಂತಿಲ್ಲ. ಅದರ ಹಳೆಯ 'ಸಾಮಾನ್ಯ' ವಿಂಗಡಣೆ ಕ್ರಮದಲ್ಲಿ 65535ರ ಆಚೆಗಿನ ಎಲ್ಲ ಚಿಹ್ನೆಗಳಿಗೂ ಒಂದೇ ತೂಕ. ಅಂದರೆ ಸಮಾನ ಸಂಖ್ಯೆಯ ಸಂಕೇತಗಳುಳ್ಳ ಯಾವುದೇ ಎರಡು ತುಳು ಲಿಪಿಯ ಪದಗಳು ಅದರ ಲೆಕ್ಕದಲ್ಲಿ ಒಂದೇ. ಓಲೆಗರಿಗಳ ಶೀರ್ಷಿಕೆಗಳನ್ನು ಮೂಲ ಲಿಪಿಯಲ್ಲೇ ದಾಖಲಿಸಹೊರಡುವ ಗ್ರಂಥಾಲಯವು ಮೊದಲು ತನ್ನ ಕೋಷ್ಟಕದ ಕ್ರಮವನ್ನು ಪರೀಕ್ಷಿಸಿಕೊಳ್ಳಬೇಕು. 8.0ರ ಹೊಸ ಕ್ರಮಗಳಲ್ಲಿ ಈ ಸಂಕೇತಗಳು ಪರಸ್ಪರ ಬೇರೆಯಾಗಿಯೇ ಉಳಿಯುತ್ತವೆ.

7. ವರದಿಯ ಸ್ವರೂಪ ಮತ್ತು ಚರ್ಚೆಯ ಶಿಸ್ತು

ಹಸ್ತಪ್ರತಿಗಳನ್ನು ಸಂಪಾದಿಸುವ ವಿದ್ವಾಂಸನು ಪ್ರತಿಯಲ್ಲಿ ಇದ್ದ ಪಾಠವನ್ನು ಮೊದಲು ಯಥಾವತ್ತಾಗಿ ಕೊಡುತ್ತಾನೆ. ತನ್ನ ಊಹೆಯ ಪಾಠವನ್ನು ಬೇರೆಯಾಗಿ ಸೂಚಿಸುತ್ತಾನೆ. ದೋಷವರದಿಯ ಮೊದಲ ನಿಯಮವೂ ಇದೇ. ಕಂಡದ್ದನ್ನು ಪೂರ್ಣವಾಗಿ ಹೇಳಬೇಕು. ಒಳಗೆ ಏನು ಕೆಟ್ಟಿರಬಹುದೆಂಬ ಊಹೆಯನ್ನು ಅದರೊಡನೆ ಬೆರೆಸಬಾರದು.

ಉತ್ತಮ ವರದಿಯಲ್ಲಿ ಈ ಅಂಶಗಳು ಇರತಕ್ಕದ್ದು: ದತ್ತಸಂಚಯದ ಆವೃತ್ತಿ, ಅದು ನಡೆಯುವ ಕಾರ್ಯಾಚರಣ ವ್ಯವಸ್ಥೆ, ಕೋಷ್ಟಕದ ಅಕ್ಷರಸಂಕೇತ ಮತ್ತು ವಿಂಗಡಣೆ ಕ್ರಮ, ಖಾಲಿ ದತ್ತಸಂಚಯದಿಂದ ಆರಂಭಿಸಿ ದೋಷ ಕಾಣುವವರೆಗಿನ ಪ್ರತಿಯೊಂದು ಆಜ್ಞೆ, ದೊರೆತ ಉತ್ತರ, ನಿರೀಕ್ಷಿಸಿದ ಉತ್ತರ. ಹತ್ತು ಸಾವಿರ ಪದಗಳ ಸಂಗ್ರಹವನ್ನು ಕಳುಹಿಸುವುದರಿಂದ ಪ್ರಯೋಜನವಿಲ್ಲ. 'ಬಂಡಿ', 'ಬಡಿ' ಎಂಬ ಎರಡು ಸಾಲುಗಳ ಕೋಷ್ಟಕ ಸಾಕು. ಅದನ್ನು ಯಾರು ಬೇಕಾದರೂ ತಮ್ಮ ಗಣಕದಲ್ಲಿ ಮತ್ತೆ ನಡೆಸಿ ನೋಡಬಹುದು.

ಭಾರತೀಯ ಲಿಪಿಯ ವರದಿಗೆ ಇನ್ನೂ ಮೂರು ಅಂಶಗಳು ಸೇರಬೇಕು. ತೆರೆಯ ಚಿತ್ರವನ್ನು ಮಾತ್ರ ಕಳುಹಿಸದೆ ಪಠ್ಯವನ್ನೇ ಕೊಟ್ಟು, ಅದರೊಡನೆ ಪ್ರತಿಯೊಂದು ಚಿಹ್ನೆಯ ಸಂಕೇತಸಂಖ್ಯೆಯನ್ನು ನಮೂದಿಸಬೇಕು. ಮೇಲೆ ಕಂಡಂತೆ ನೋಟವು ನಂಬಲರ್ಹವಲ್ಲ. ಓದುವ ಅಭಿವರ್ಧಕನಿಗೆ ಕನ್ನಡ ಬಾರದಿರಬಹುದಾದುದರಿಂದ ಎರಡೂ ಪದಗಳ ಅರ್ಥವನ್ನು ತಿಳಿಸಬೇಕು; ಗಾಡಿಯೂ ಹೊಡೆತವೂ ಒಂದಲ್ಲವೆಂಬುದು ಯಾವ ವ್ಯಾಕರಣದ ವಿವರಣೆಗಿಂತಲೂ ಬೇಗ ಮನವರಿಕೆಯಾಗುತ್ತದೆ. ನಿರೀಕ್ಷಿತ ಉತ್ತರಕ್ಕೆ ಯಾವ ನಿಘಂಟಿನ ಅಥವಾ ಯಾವ ಮಾನಕದ ಆಧಾರವಿದೆಯೆಂಬುದನ್ನು ಹೇಳಬೇಕು. 'ನಮ್ಮಲ್ಲಿ ಹೀಗೆ' ಎಂಬ ಮಾತು ಆಧಾರವಾಗದು.

ವರದಿಯನ್ನು ಎಲ್ಲಿಗೆ ಸಲ್ಲಿಸಬೇಕೆಂಬುದೂ ವಿವೇಚನೆಗೆ ಸೇರಿದ ವಿಷಯ. ದೋಷವು ದತ್ತಸಂಚಯದ್ದೇ, ಅದು ಆಶ್ರಯಿಸಿರುವ ವಿಂಗಡಣೆ ಗ್ರಂಥಾಲಯದ್ದೇ, ಯೂನಿಕೋಡ್‌ನ ಕೋಷ್ಟಕದ್ದೇ ಎಂಬುದನ್ನು ಬೇರ್ಪಡಿಸಬೇಕು. ಕನ್ನಡದ ಅಕಾರಾದಿ ನಿಯಮವೇ ತಪ್ಪಾಗಿದ್ದರೆ ಅದನ್ನು ಯೂನಿಕೋಡ್ ಒಕ್ಕೂಟಕ್ಕೆ ತಿಳಿಸುವುದು ಸರಿ; ಅಲ್ಲಿ ತಿದ್ದಿದರೆ ಹಲವು ತಂತ್ರಾಂಶಗಳು ಒಟ್ಟಿಗೆ ಸರಿಯಾಗುತ್ತವೆ. ಅದೇ ದೋಷವನ್ನು ಹಿಂದೆ ಯಾರಾದರೂ ವರದಿ ಮಾಡಿದ್ದಾರೆಯೇ ಎಂದು ನೋಡುವುದು, ಒಂದು ವರದಿಯಲ್ಲಿ ಒಂದೇ ದೋಷವನ್ನು ಹೇಳುವುದು, ಭದ್ರತೆಗೆ ಧಕ್ಕೆ ತರುವ ದೋಷವನ್ನು ಬಹಿರಂಗಪಡಿಸದೆ ಗೋಪ್ಯವಾಗಿ ತಿಳಿಸುವುದು ಸರ್ವಸಮ್ಮತ ಮರ್ಯಾದೆಗಳು.

ಉತ್ತರವಾಗಿ 'ಇದು ದೋಷವಲ್ಲ' ಎಂಬ ಮಾತು ಬರಬಹುದು. ಅದನ್ನು ಭಾಷೆಗಾದ ಅವಮಾನವೆಂದು ಎಣಿಸಬೇಕಾಗಿಲ್ಲ. ಈ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರು ಕನ್ನಡದ ಪಂಚಮೀ ವಿಭಕ್ತಿಯಂತಹ ವ್ಯಾಕರಣದ ಪ್ರಶ್ನೆಗಳನ್ನು ಸ್ವತಂತ್ರ ಗ್ರಂಥದ ವಿಷಯವಾಗಿಸಿದರು. ಒಂದು ಪ್ರತ್ಯಯದ ಕುರಿತಾದರೂ ಆಧಾರ ಸಹಿತವಾಗಿ ದೀರ್ಘವಾಗಿ ವಾದಿಸಬಹುದೆಂಬ ಆ ಮನೋಧರ್ಮ ಇಲ್ಲಿಯೂ ಬೇಕು. ದೋಷವಲ್ಲವೆಂದು ಮುಚ್ಚಿದ ವಿಷಯವು ಹೊಸ ಸೌಲಭ್ಯದ ಕೋರಿಕೆಯಾಗಿ, ಇಲ್ಲವೇ ಕೈಪಿಡಿಯಲ್ಲಿ ಒಂದು ಎಚ್ಚರಿಕೆಯ ವಾಕ್ಯವಾಗಿ ಫಲಿಸಬಹುದು. 'ಈ ಕ್ರಮದಲ್ಲಿ ಭಾರತೀಯ ಲಿಪಿಗಳ ಅನುಸ್ವಾರವನ್ನು ಲೆಕ್ಕಿಸಲಾಗುವುದಿಲ್ಲ' ಎಂಬ ಒಂದು ಸಾಲು ಕೈಪಿಡಿಗೆ ಸೇರಿದರೂ ಮುಂದಿನ ನಿಘಂಟುಕಾರನ ಪದಗಳು ಉಳಿಯುತ್ತವೆ.

8. ಉಪಸಂಹಾರ

ಮೇಲಿನ ನಿದರ್ಶನಗಳಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕನ್ನಡ ಲಿಪಿಯ ಪಠ್ಯಕ್ಕೆ ಸಂಬಂಧಿಸಿದ ದೋಷಗಳಲ್ಲಿ ಹಲವು ಸದ್ದಿಲ್ಲದವು. ಯಂತ್ರ ನಿಲ್ಲುವುದಿಲ್ಲ, ಪದ ಮಾತ್ರ ಕಾಣೆಯಾಗುತ್ತದೆ. ಅಂತಹ ದೋಷವನ್ನು ಗುರುತಿಸಲು ಬೇಕಾದ ಜ್ಞಾನವು ಗಣಕ ವಿಜ್ಞಾನದ್ದಕ್ಕಿಂತ ಹೆಚ್ಚಾಗಿ ಭಾಷೆಯದು. ಪರಿಹಾರವೊಂದು ಬೇರೆ ತೊಡಕನ್ನು ತರಬಹುದಾದುದರಿಂದ ಸಾಕ್ಷ್ಯಸಹಿತವಾದ ಚರ್ಚೆ ಅನಿವಾರ್ಯ.

ಪದಸಂಗ್ರಹ ಅಥವಾ ಗ್ರಂಥಸೂಚಿಯ ಕಾರ್ಯವನ್ನು ಕೈಗೊಳ್ಳುವ ಸಂಸ್ಥೆಗಳು ಆರಂಭದಲ್ಲೇ ಒಂದು ಸಣ್ಣ ಪರೀಕ್ಷಾಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಅನುಸ್ವಾರದ ಜೋಡಿಗಳು, 'ಳ'ಕಾರದ ಪದಗಳು, ಎರಡು ಬಗೆಯಲ್ಲಿ ದಾಖಲಾದ ಓಕಾರ, ಅದೃಶ್ಯ ಚಿಹ್ನೆಯುಳ್ಳ ತುಳು ಪದಗಳು, ತುಳು ಲಿಪಿಯ ಒಂದೆರಡು ಪದಗಳು ಅದರಲ್ಲಿ ಇರಲಿ. ತಂತ್ರಾಂಶದ ಆವೃತ್ತಿ ಬದಲಾದಾಗಲೆಲ್ಲ ಅದನ್ನು ಮತ್ತೆ ನಡೆಸಿ ನೋಡಬೇಕು; ತುಂಬಿದ ಪದಗಳ ಸಂಖ್ಯೆಯನ್ನು ಮೂಲದ ಸಂಖ್ಯೆಯೊಡನೆ ತಾಳೆ ನೋಡಬೇಕು. ವ್ಯತ್ಯಾಸ ಕಂಡುಬಂದರೆ ತಮ್ಮ ಮಟ್ಟಿಗೆ ಸರಿಪಡಿಸಿಕೊಂಡು ಸುಮ್ಮನಾಗದೆ ಎರಡು ಸಾಲಿನ ವರದಿಯನ್ನಾದರೂ ಸಲ್ಲಿಸಬೇಕು. ಹಿಂದಿನ ಸಂಪಾದಕರು ಗ್ರಂಥದ ಕೊನೆಗೆ ತಪ್ಪೊಪ್ಪುಗಳ ಪಟ್ಟಿಯನ್ನು ಸೇರಿಸುತ್ತಿದ್ದುದು ಮುಂದಿನ ಓದುಗನ ಹಿತಕ್ಕಾಗಿ. ದೋಷವರದಿಯೂ ಅಂತಹುದೇ ಒಂದು ಪಟ್ಟಿ. ಅದರ ಪ್ರಯೋಜನ ಒಂದು ಗ್ರಂಥಕ್ಕೆ ಸೀಮಿತವಾಗದೆ, ಅದೇ ತಂತ್ರಾಂಶವನ್ನು ಅವಲಂಬಿಸಿರುವ ಎಲ್ಲ ಸಂಗ್ರಹಗಳಿಗೂ ದೊರೆಯುತ್ತದೆ.